ಅಜ್ಜನ ಮೋರೆಗೆ ಇಂಗ್ಲಿಷ್ ಪದ ಹುಡುಕಿದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಕೂತು ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಹೆಚ್ಚಾಗಿ ಬರುವುದು ಜಾಗದ ಹಳೆಯ ಆಧಾರ, ಜನನಪತ್ರ, ಮದುವೆಪತ್ರ. ಅವುಗಳಲ್ಲಿ ಯಾರ ಮುಖಭಾವದ ಪ್ರಸ್ತಾಪವೂ ಇರುವುದಿಲ್ಲ. ಹಾಗಾಗಿ ಒಬ್ಬರು ತಮ್ಮ ತಂದೆಯ ಜೀವನಕಥೆಯನ್ನು ತಂದುಕೊಟ್ಟು, "ಅಕ್ಕಾ, ಹೊರದೇಶದಲ್ಲಿರುವ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲಿ ಮಾಡಿಕೊಡಿ" ಎಂದಾಗ ಖುಷಿಯಿಂದಲೇ ಒಪ್ಪಿದೆ. ನೂರು ಪುಟ, ಒಂದು ತಿಂಗಳ ಕೆಲಸ ಎಂದುಕೊಂಡದ್ದು ನಾಲ್ಕು ತಿಂಗಳು ಹಿಡಿಯಿತು. ತಡವಾದದ್ದು ಆ ತಂದೆಯ, ಅಂದರೆ ಮಕ್ಕಳ ಅಜ್ಜನ ಮೋರೆಯಿಂದ.

ಅಜ್ಜನ ಮೋರೆ ನೋಡಿದರೆ ಎಂತದೂ ಗೊತ್ತಾಗುತ್ತಿರಲಿಲ್ಲವಂತೆ. ಆ ವಾಕ್ಯ ಪುಸ್ತಕದಲ್ಲಿ ಹತ್ತಾರು ಕಡೆ ಬೇರೆ ಬೇರೆ ರೂಪದಲ್ಲಿದೆ. ಒಂದು ಮಳೆಗಾಲ ಕೊಳೆರೋಗ ಬಂದು ತೋಟದ ಅಡಿಕೆಯೆಲ್ಲ ಉದುರಿತು. ಅಂಗಳದಲ್ಲಿ ನಿಂತು ನೋಡಿದ ಅಜ್ಜ "ಬಪ್ಪ ವರ್ಷ ನೋಡುವೊ" ಎಂದು ಹೇಳಿ ಸ್ನಾನಕ್ಕೆ ಹೋದರು. ನಾನು ಅಲ್ಲಿ ಸ್ಟಾಲಿಡ್ ಎಂದು ಬರೆದೆ. ಸಾಲಿಡ್ ಎಂಬುದರ ಹತ್ತಿರದ ಪದದಂತೆ ಕೇಳಿಸಿತು. ಗಟ್ಟಿ ಮನುಷ್ಯ, ಸರಿಯಾಯಿತು ಎಂದುಕೊಂಡೆ.

ಮೊದಲ ಅಧ್ಯಾಯ ಓದಿದ ಮೊಮ್ಮಗಳು ಫೋನು ಮಾಡಿ ಕೇಳಿದಳು: "ಆಂಟಿ, ಅಜ್ಜ ಸ್ವಲ್ಪ ಮಂದ ಇದ್ದರಾ?"

ಮತ್ತೆ ಡಿಕ್ಷನರಿ ತೆಗೆದು ನೋಡಿದೆ. ಲ್ಯಾಟಿನ್ನಿನ ಸ್ಟಾಲಿಡಸ್ ಎಂದರೆ ದಡ್ಡ, ಮಂಕ. ಇಂಗ್ಲಿಷಿಗೆ ಬಂದಮೇಲೆ ಅದಕ್ಕೆ ಶಾಂತ, ನಂಬಿಗಸ್ತ ಎಂಬ ಅರ್ಥಗಳು ಸೇರಿಕೊಂಡರೂ ಹಳೆಯ ವಾಸನೆ ಪೂರ್ತಿ ಹೋಗಿಲ್ಲ. ನಮ್ಮ ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ ಎಂಬ ಮಾತಿನ ಪಕ್ಕದ ಪದ ಅದು. ಅಜ್ಜನನ್ನು ನಾನು ಎಮ್ಮೆ ಮಾಡಿಟ್ಟಿದ್ದೆ!

ಆಮೇಲೆ ಕೆಲಸದ ಕ್ರಮವನ್ನೇ ಬದಲಾಯಿಸಿದೆ. ಒಂದು ನೋಟುಪುಸ್ತಕದಲ್ಲಿ ಎಡಬದಿಗೆ ಪ್ರಸಂಗ, ಬಲಬದಿಗೆ ಪದ. ನಡುವೆ ಎರಡು ಪ್ರಶ್ನೆಗೆ ಉತ್ತರ ಬರೆಯದೆ ಪದ ಹುಡುಕಬಾರದೆಂದು ನಿಶ್ಚಯಿಸಿದೆ: ಒಳಗೆ ಭಾವನೆ ಇದೆಯೇ? ಇದ್ದರೆ ಹೊರಗೆ ಯಾಕೆ ಬರುತ್ತಿಲ್ಲ? ನಿಘಂಟು ಇದನ್ನು ಹೇಳುವುದಿಲ್ಲ, ಪ್ರಸಂಗವೇ ಹೇಳಬೇಕು.

ಕೊಳೆರೋಗದ ಪ್ರಸಂಗಕ್ಕೆ ಸ್ಟೋಯಿಕ್ ಎಂಬ ಪದ ಹೊಂದಿತು. ನೋವು ಇದೆ, ನುಂಗಿಕೊಂಡಿದ್ದಾರೆ. ಈ ಪದದ ಮೂಲವೂ ನಮ್ಮ ಹಳೆಯ ಮನೆಗಳಿಗೆ ದೂರದ್ದಲ್ಲ. ಸ್ಟೋಆ ಎಂದರೆ ಗ್ರೀಕಿನಲ್ಲಿ ಕಂಬಗಳ ಮೊಗಸಾಲೆ. ಕ್ರಿಸ್ತಪೂರ್ವ 300ರ ಸುಮಾರಿಗೆ ಸೈಪ್ರಸ್‌ನಿಂದ ಬಂದ ಜೀನೋ ಎಂಬಾತ ಅಥೆನ್ಸ್‌ನಲ್ಲಿ ಚಿತ್ರ ಬರೆದಿದ್ದ ಒಂದು ಮೊಗಸಾಲೆಯಲ್ಲಿ ಪಾಠ ಹೇಳುತ್ತಿದ್ದ, ಶಿಷ್ಯರಿಗೆ ಆ ಜಾಗದ ಹೆಸರೇ ಅಂಟಿತು. ಹಾಗೆ ನೋಡಿದರೆ ಚಾವಡಿಯವರು.

ಈ ಚಾವಡಿಯವರು ಮೆಚ್ಚುತ್ತಿದ್ದ ಗುಣದ ಹೆಸರು ಅಪಾಥೇಯಾ, ಅಂದರೆ ವಿಕಾರಗಳ ಹಿಡಿತದಿಂದ ಬಿಡುಗಡೆ. ಅದೇ ಇಂಗ್ಲಿಷಿನಲ್ಲಿ ಅಪಥಿ ಆಗಿ, ಈಗ ಯಾವುದೂ ಬೇಡವಾದ ನಿರಾಸಕ್ತಿ ಎಂಬ ಬೈಗುಳದ ಮಟ್ಟಕ್ಕೆ ಇಳಿದಿದೆ. ಇದನ್ನು ಓದಿ ನನಗೆ ನಗು ಬಂತು. ನಮ್ಮ ಉದಾಸೀನದ ಕಥೆಯೂ ಇದೇ ತಾನೆ? ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ 'ಉದಾಸೀನೋ ಗತವ್ಯಥಃ' ಎಂದರೆ ಭಕ್ತನ ಹೊಗಳಿಕೆ. ನಮ್ಮೂರಿನಲ್ಲಿ "ಇವತ್ತು ಭಾರೀ ಉದಾಸೀನ" ಎಂದರೆ ಪಾತ್ರೆ ತೊಳೆಯಲು ಮನಸ್ಸಿಲ್ಲ ಎಂದರ್ಥ.

ಅದೇ ಮೋರೆ ಮುಂದಿನ ಅಧ್ಯಾಯದಲ್ಲಿ ಬೇರೆ ಪದ ಕೇಳಿತು. ರಾತ್ರಿ ಊಟವಾದ ಮೇಲೆ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುತ್ತಿದ್ದರು. ಆ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ ಗುಲಾಮ, ತುರುಪನ್ನು ಕವುಚಿ ಇಡುತ್ತಾರೆ. ಕೈಯಲ್ಲಿ ಎರಡು ಗುಲಾಮ ಇದ್ದರೂ ಅಜ್ಜನ ಹುಬ್ಬು ಏಳುತ್ತಿರಲಿಲ್ಲವಂತೆ. ಇಲ್ಲಿ ಸ್ಟೋಯಿಕ್ ಎಂದರೆ ನಗೆಪಾಟಲು. ಇದು ಬೇಕೆಂದೇ ಮುಚ್ಚಿಟ್ಟದ್ದು, ಹಾಗಾಗಿ ಪೋಕರ್ ಫೇಸ್. ಪದವೇ ಇಸ್ಪೀಟಿನ ಮೇಜಿನಿಂದ ಎದ್ದುಬಂದದ್ದು. ಮೊಮ್ಮಕ್ಕಳನ್ನು ನಗಿಸಿ ತಾನು ಮಾತ್ರ ನಗದೆ ಕೂತಿರುತ್ತಿದ್ದ ಪ್ರಸಂಗಕ್ಕೆ ಡೆಡ್‌ಪ್ಯಾನ್. ಪ್ಯಾನ್ ಎಂದರೆ ಅಮೆರಿಕದ ಆಡುಮಾತಿನಲ್ಲಿ ಮೋರೆ. 1920ರ ದಶಕದ ಮೂಕಿ ಚಿತ್ರಗಳಲ್ಲಿ ಬಸ್ಟರ್ ಕೀಟನ್ ಹೀಗೆ ನಗದೆ ನಗಿಸುತ್ತಿದ್ದ, ಅವನನ್ನು ಕಲ್ಲುಮೋರೆಯವನೆಂದೇ ಕರೆಯುತ್ತಿದ್ದರು.

ಫ್ಲೆಗ್ಮ್ಯಾಟಿಕ್ ಎಂಬ ಪದ ಸಿಕ್ಕಿದಾಗ ತುಂಬ ಆಸೆಯಾಯಿತು. ಗ್ರೀಕ್ ವೈದ್ಯರ ನಾಲ್ಕು ದ್ರವಗಳಲ್ಲಿ ಒಂದು ಕಫ, ಅದು ಹೆಚ್ಚಾದವನು ನಿಧಾನಿ, ಸುಲಭಕ್ಕೆ ಕೆರಳದವನು. ನಮ್ಮ ಪಂಡಿತರು ಕಫ ಪ್ರಕೃತಿ ಎನ್ನುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಮೊಮ್ಮಗಳು ಮತ್ತೆ ಫೋನು ಮಾಡಿ "ಅಜ್ಜನಿಗೆ ಕೆಮ್ಮಿತ್ತಾ?" ಎಂದು ಕೇಳಿಯಾಳೆಂದು ಬಿಟ್ಟೆ. ವುಡನ್ ಎಂಬುದನ್ನೂ ಬಿಟ್ಟೆ, ಅದು ಕೆಟ್ಟ ನಟನೆಗೆ ಹೇಳುವ ಮಾತು. ವೇಷ ಕಟ್ಟಿಯೂ ಕಣ್ಣು ಹುಬ್ಬು ಆಡಿಸದ ಯಕ್ಷಗಾನದ ಹುಡುಗರಿಗೆ ಸರಿ. ಟ್ಯಾಸಿಟರ್ನ್ ಎಂದರೆ ಮಿತಭಾಷಿ, ಅದು ಮಾತಿಗೆ ಸೇರಿದ್ದು, ಮೋರೆಗಲ್ಲ. ಅಲೂಫ್ ಎಂದರೆ ದೂರ ನಿಲ್ಲುವವನು, ಒಂಚೂರು ಬಿಗುಮಾನವೂ ಸೇರಿದೆ. ನೆರೆಮನೆಯ ಮಲಯಾಳಿಗರು ಅಜ್ಜನನ್ನು 'ವಲಿಯ ಗೌರವಕ್ಕಾರನ್' ಎನ್ನುತ್ತಿದ್ದರಂತೆ. ಮಗ ಅದನ್ನು ಮರ್ಯಾದಸ್ಥ ಎಂದು ತಿಳಿದು ಹೆಮ್ಮೆಯಿಂದ ಬರೆದಿದ್ದರು. ಮಲಯಾಳದಲ್ಲಿ ಗೌರವ ಎಂದರೆ ಗಂಭೀರತನ, ನಗದವನು ಎಂದರ್ಥ. ಗಡಿಯಲ್ಲಿದ್ದುಕೊಂಡು ಇಂಗ್ಲಿಷನ್ನು ಮಾತ್ರ ಯಾಕೆ ದೂರುವುದು?

ಕೊನೆಯ ಅಧ್ಯಾಯದಲ್ಲಿ ಮಗ ಬರೆದದ್ದು: "ಕೊನೆಯ ಎರಡು ವರ್ಷ ಅಪ್ಪನಿಗೆ ನಾವು ಯಾರೂ ಬೇಡವಾದೆವು. ಮಕ್ಕಳು ಬಂದರೂ ಮೋರೆ ಅಲ್ಲಾಡುತ್ತಿರಲಿಲ್ಲ." ನಾನು ಇಂಡಿಫರೆಂಟ್ ಎಂದು ಬರೆದು ಮುಂದೆ ಹೋಗಿದ್ದೆ. ನೋಟುಪುಸ್ತಕ ತುಂಬಿಸಲು ಕೂತಾಗ ಎರಡನೆಯ ಪ್ರಶ್ನೆಯ ಮುಂದೆ ಪೆನ್ನು ನಿಂತಿತು. ಎರಡು ಪುಟ ಹಿಂದೆಯೇ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಅಜ್ಜನ ಅಕ್ಷರ ಇರುವೆಯಷ್ಟು ಸಣ್ಣದಾದ ಮಾತಿದೆ. ಹೆಜ್ಜೆ ಗಿಡ್ಡವಾದದ್ದು, ಕೂತಲ್ಲೇ ಕೈ ನಡುಗುತ್ತಿದ್ದದ್ದು ಇದೆ. ಫೋನು ಮಾಡಿದೆ.

"ಹೌದಕ್ಕಾ, ಮಂಗಳೂರಿನಲ್ಲಿ ತೋರಿಸಿದ್ದೆವು. ಪಾರ್ಕಿನ್ಸನ್ ಎಂದಿದ್ದರು. ಅದಕ್ಕೂ ಮೋರೆಗೂ ಎಂತ ಸಂಬಂಧ?"

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಕದ ಬಗ್ಗೆ ಬರೆದದ್ದರಿಂದ ಆ ಕಾಯಿಲೆಗೆ ಅವನ ಹೆಸರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತ ಬಂದಂತೆ ಎಲ್ಲ ಚಲನೆಯೂ ನಿಧಾನವಾಗುತ್ತದೆ, ಮುಖದ ಸ್ನಾಯುಗಳೂ ಅದರಲ್ಲಿ ಸೇರಿವೆ. ರೆಪ್ಪೆ ಬಡಿಯುವುದು ಕೂಡ ಕಡಿಮೆಯಾಗುತ್ತದೆ. ಒಳಗೆ ಸಂತೋಷವಾದರೂ ಮೋರೆ ಅದನ್ನು ಹೇಳಲಾರದು. ಇಂಗ್ಲಿಷಿನಲ್ಲಿ ಅದಕ್ಕೆ ಮಾಸ್ಕ್‌ಡ್ ಫೇಸ್ ಎನ್ನುತ್ತಾರೆ, ಮುಖವಾಡ ಹಾಕಿದಂಥ ಮೋರೆ. ಅಷ್ಟನ್ನು ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. "ಆ ವಾಕ್ಯ ಈಗ ಕಳುಹಿಸಬೇಡಿ" ಎಂದು ಫೋನು ಇಟ್ಟರು.

ಎರಡು ದಿನ ಕಳೆದು ಕನ್ನಡದಲ್ಲೇ ತಿದ್ದಿ ಕಳುಹಿಸಿದರು. ಬೇಡವಾದೆವು ಎಂಬ ವಾಕ್ಯ ಹೋಗಿತ್ತು. ಹೊಸದಾಗಿ ಸೇರಿಸಿದ್ದು: "ಆ ಎರಡು ವರ್ಷವೂ ಅಪ್ಪ ಆಟಕ್ಕೆ ಕೂರುತ್ತಿದ್ದರು. ಗುಲಾಮ ಬಂದರೆ ಎಲೆತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು. ಮಕ್ಕಳಿಗೆಲ್ಲ ಅದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಸೋಲುತ್ತಿದ್ದರು."

ಅದನ್ನು ಇಂಗ್ಲಿಷಿಗೆ ತರಲು ಹತ್ತು ನಿಮಿಷ ಸಾಕಾಯಿತು. ಎಲೆತಟ್ಟೆ ಮಾತ್ರ ಇನ್ನೂ ಸರಿಯಾಗಿಲ್ಲ.