ಸೀಲ್ ಹೊಸದು, ಲೀಕ್ ಹಳೇದು

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆ ತೋಟದ ದಾರಿಗಳಲ್ಲಿ ಸುತ್ತಾಡಿ ಬಂದ ಮೇಲೆ ನನ್ನ ಡರ್ಟ್ ಬೈಕಿನ ಮುಂದಿನ ಎಡಗಡೆ ಶಾಕ್ ಸೋರಲು ಶುರುವಾಯಿತು. ಮೊದಲು ಕೆಸರು ಅಂದುಕೊಂಡು ಸುಮ್ಮನಿದ್ದೆ. ತೊಳೆದು ಒಣಗಿಸಿದಾಗ ನೋಡಿದರೆ ಪೈಪಿನ ಸುತ್ತ ಬಳೆಯ ಹಾಗೆ ಆಯಿಲ್ ಗೆರೆ. ಕೆಳಗೆ ಇಳಿದು ಬ್ರೇಕ್ ಪ್ಯಾಡ್ ಹಿಡಿದಿಡುವ ಕ್ಯಾಲಿಪರ್ ಹತ್ತಿರ ಬಂದುಬಿಟ್ಟಿತ್ತು. ಪ್ಯಾಡ್‌ಗೆ ಆಯಿಲ್ ಹತ್ತಿದರೆ ಬ್ರೇಕೇ ಹಿಡಿಯುವುದಿಲ್ಲ. ಅಲ್ಲಿಗೆ ಬೈಕ್ ಓಡಿಸುವುದನ್ನು ನಿಲ್ಲಿಸಿದೆ.

ಶಾಕಿನ ಆಯಿಲ್ ಹೊರಗೆ ಬರದಂತೆ ಪೈಪನ್ನು ಅಪ್ಪಿಕೊಂಡಿರುವ ರಬ್ಬರ್ ಬಳೆಯೇ ಸೀಲ್. ಎಷ್ಟೋ ಸಲ ಸೀಲ್ ಹಾಳಾಗಿರುವುದಿಲ್ಲ, ಅದರ ತುಟಿಯಲ್ಲಿ ಮರಳು ಸಿಕ್ಕಿಕೊಂಡಿರುತ್ತದೆ. ಅಮ್ಮನ ಮಂಡಿಯ ಹಳೇ ಎಕ್ಸ್‌ರೇಯಿಂದ ಒಂದು ಪಟ್ಟಿ ಕತ್ತರಿಸಿ, ತುದಿಗೆ ಕೊಕ್ಕೆ ಮಾಡಿ, ಸೀಲಿಗೂ ಪೈಪಿಗೂ ನಡುವೆ ತೂರಿಸಿ ಒಂದು ಸುತ್ತು ಎಳೆದೆ. ಕಪ್ಪು ಮಣ್ಣು ಬಂತು. ಎರಡು ದಿನ ಒಣಗಿಯೇ ಇತ್ತು, ಮೂರನೇ ದಿನ ಮತ್ತೆ ಅದೇ ಬಳೆ.

ಸರಿ, ಬಿಚ್ಚೋಣ ಅಂತ ಕೂತೆ. ಇಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರ ತೆಗೆದೆ. ಕ್ಯಾಲಿಪರನ್ನು ಹಗ್ಗದಲ್ಲಿ ಕಟ್ಟಿದೆ, ಹೋಸಿನ ಮೇಲೆ ಭಾರ ಬೀಳಬಾರದು. ಶಾಕ್ ಇನ್ನೂ ಕೆಳಗಿನ ಕ್ಲ್ಯಾಂಪಿನಲ್ಲಿ ಬಿಗಿಯಾಗಿರುವಾಗಲೇ ಮೇಲಿನ ಕ್ಯಾಪ್ ಸಡಿಲ ಮಾಡಿಕೊಳ್ಳಬೇಕು. ಕೈಗೆ ತಗೊಂಡ ಮೇಲೆ ಹಿಡಿಯಲು ಆಗುವುದಿಲ್ಲ. ಇಷ್ಟು ಗೊತ್ತಿತ್ತು. ಗೊತ್ತಿಲ್ಲದ್ದು ಶಾಕಿನ ಅಡಿಯಲ್ಲಿ, ಒಳಗಿನ ಡ್ಯಾಂಪರ್ ರಾಡನ್ನು (ಶಾಕಿನ ಕುಣಿತ ತಗ್ಗಿಸುವ ಸರಳು) ಹಿಡಿದಿರುವ ಅಲೆನ್ ಬೋಲ್ಟ್ ವಿಷಯ. ನಾನು ಸ್ಪ್ರಿಂಗ್ ತೆಗೆದು, ಆಯಿಲ್ ಬಗ್ಗಿಸಿ, ಆಮೇಲೆ ಅದಕ್ಕೆ ಕೈ ಹಾಕಿದೆ. ಬೋಲ್ಟ್ ಜೊತೆ ಒಳಗಿನ ಡ್ಯಾಂಪರ್ ರಾಡೂ ತಿರುಗುತ್ತಾ ಹೋಯಿತು. ಅರ್ಧ ಗಂಟೆ ಸುಮ್ನೆ ತಿರುಗಿಸಿದ್ದೇ ಬಂತು. ಕೊನೆಗೆ ಸ್ಪ್ರಿಂಗ್, ಕ್ಯಾಪ್ ವಾಪಸ್ ಹಾಕಿ, "ಭಾವ, ಗೋಡೆಗೆ ಒತ್ತಿ ಹಿಡೀರಿ" ಅಂದೆ. ಸ್ಪ್ರಿಂಗಿನ ಒತ್ತಡಕ್ಕೆ ರಾಡ್ ನಿಂತಿತು, ಬೋಲ್ಟ್ ಟಕ್ ಅಂತ ಬಿಟ್ಟಿತು. ಭಾವನ ಅಂಗಿಗೆ ಆಯಿಲ್ ಬಿತ್ತು. ಬೂದು ಬಣ್ಣ, ಕೊಳೆತ ಮೀನಿನ ವಾಸನೆ.

ಮೇಲಿನ ಧೂಳು ತಡೆಯುವ ಡಸ್ಟ್ ಸೀಲ್, ಅದರ ಕೆಳಗಿನ ತಂತಿ ಲಾಕ್ ತೆಗೆದು ಪೈಪ್ ಹೊರಗೆಳೆದೆ. ಸೀಲ್ ಕೆಳಗಿನ ಕೊಳವೆಯಲ್ಲೇ ಉಳಿಯಿತು. ಅಂಚಿಗೆ ಬಟ್ಟೆ ಮಡಚಿಟ್ಟು ಟೈರ್ ಲಿವರಿನಲ್ಲಿ ಎಬ್ಬಿಸಿದೆ. ಜೋಡಿಸುವಾಗ ಪೈಪಿನ ತುದಿಗೆ ಹಾಲಿನ ಪ್ಯಾಕೆಟ್ ಕವರ್ ಸುತ್ತಿ, ಗ್ರೀಸ್ ಹಚ್ಚಿ, ಅಕ್ಷರ ಇರುವ ಮುಖ ಮೇಲೆ ಬರುವಂತೆ ಹೊಸ ಸೀಲ್ ಇಳಿಸಿದೆ. ಕವರ್ ಇಲ್ಲದಿದ್ದರೆ ಪೈಪಿನ ಅಂಚು ಸೀಲಿನ ತುಟಿ ಕೊಯ್ಯುತ್ತದೆ. ನನ್ನದು 37 ಎಂಎಂ ಪೈಪ್. ಅದಕ್ಕಿಂತ ಒಂದು ಗೇಣು ಉದ್ದದ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಮೇಲಿಂದ ತೂರಿಸಿ ಮರದ ಸುತ್ತಿಗೆಯಲ್ಲಿ ಬಡಿದೆ. ಲಾಕ್ ಕೂರುವ ಕಚ್ಚು ಸುತ್ತಲೂ ಪೂರ್ತಿ ಕಂಡರೆ ಸೀಲ್ ಕೂತಿದೆ ಅಂತ ಲೆಕ್ಕ. ಅಡಿಯ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿದೆ. 10ಡಬ್ಲ್ಯೂ ದಪ್ಪದ ಶಾಕ್ ಆಯಿಲ್ ಸುರಿದು, ಗಾಳಿ ಹೋಗಲೆಂದು ಹತ್ತಾರು ಸಲ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ, ಸ್ಪ್ರಿಂಗ್ ಹಾಕುವ ಮೊದಲೇ ಶಾಕ್ ಪೂರ್ತಿ ಒತ್ತಿ ಸ್ಕೇಲಿನಲ್ಲಿ ಮಟ್ಟ ಅಳೆದೆ. ಬಲಗಡೆಯದೂ ಹಾಗೇ ಮಾಡಿದೆ.

ಹದಿನೈದೇ ದಿನ. ಎಡಗಡೆ ಮತ್ತೆ ಬಳೆ!

ಪರಿಚಯದ ಮೆಕ್ಯಾನಿಕ್ ಅಣ್ಣ ಬಂದು ಸೀಲ್ ನೋಡಲೇ ಇಲ್ಲ. ಉಗುರನ್ನು ಪೈಪಿನ ಮೇಲೆ ಮೆಲ್ಲಗೆ ಎಳೆದ. ಒಂದು ಕಡೆ ತಡೆಯಿತು. "ನೋಡು, ಇಲ್ಲಿ ಕಲ್ಲು ಬಡಿದಿದೆ." ಅಕ್ಕಿ ನುಚ್ಚಿನಷ್ಟು ಏಟು. ನಾನು ಬಟ್ಟೆಯಲ್ಲಿ ಒರೆಸಿದ್ದೆ ಹೊರತು ಬೆರಳಾಡಿಸಿರಲಿಲ್ಲ. ಶಾಕ್ ಕುಣಿದಾಗಲೆಲ್ಲ ಅದು ಹೊಸ ಸೀಲನ್ನೂ ಕೆರೆಯುತ್ತಿತ್ತು.

ಮತ್ತೆ ಎಲ್ಲಾ ಬಿಚ್ಚಿದೆ. ಈ ಸಲ ಅಲೆನ್ ಬೋಲ್ಟ್ ಮೊದಲು. 1500, ಆಮೇಲೆ 2000 ನಂಬರಿನ ತುಂಬಾ ನಯವಾದ ವಾಟರ್ ಪೇಪರಿಗೆ (ಉಜ್ಜುವ ಕಾಗದ) ಎಣ್ಣೆ ಹಚ್ಚಿ, ಎದ್ದಿದ್ದ ಅಂಚನ್ನಷ್ಟೇ ಅಡ್ಡಕ್ಕೆ ತಿಕ್ಕಿದೆ. ಜಾಸ್ತಿ ತಿಕ್ಕಿದರೆ ಕ್ರೋಮೇ ಹೋಗುತ್ತದೆ. ಹತ್ತಿ ಉಂಡೆ ಎಳೆದು ನೋಡಿದೆ. ಎಳೆ ಸಿಕ್ಕಿಕೊಳ್ಳುವುದು ನಿಂತ ಮೇಲೆ ಇನ್ನೊಂದು ಹೊಸ ಸೀಲ್ ಹಾಕಿದೆ, ಮೇಲೆ ಪೈಪನ್ನು ಮುಚ್ಚುವ ರಬ್ಬರ್ ಬೂಟೂ ಹಾಕಿದೆ.

ಆವತ್ತಿಂದ ಇವತ್ತಿನವರೆಗೆ ಸೋರಿಲ್ಲ. ಪೈಪಿನ ಗುಳಿ ಹಾಗೇ ಇದೆ. ಬೈಕ್ ತೊಳೆದಾಗ ಬೂಟ್ ಎತ್ತಿ, ತುಕ್ಕು ಹಿಡಿಯದಿರಲಿ ಅಂತ ಅಲ್ಲಿಗೆ ಒಂದು ಹನಿ ಆಯಿಲ್ ಸವರುತ್ತೇನೆ. ಮುಂದೆ ಸೋರಿದರೆ ಸೀಲ್ ತರುವುದಿಲ್ಲ, ಪೈಪನ್ನೇ ಬದಲಿಸುತ್ತೇನೆ.