ತಲೆಗೆ ಗುಂಡು ಬಿದ್ದವರಿಗೆ ಮೊದಲು ಬಿಪಿ, ಆಮೇಲೆ ಬೆಂಗಳೂರು: ನನ್ನ ಅನುಭವ

ಪಾವಗಡ, ಮಧುಗಿರಿ ಕಡೆಯಿಂದ ತುಮಕೂರಿನ ನಮ್ಮ ಐಸಿಯುಗೆ ಅಪರೂಪಕ್ಕೊಮ್ಮೆ ತಲೆಗೆ ಗುಂಡು ಬಿದ್ದವರು ಬರುತ್ತಾರೆ. ಹೆಚ್ಚಿನವು ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗೆಂದು ಹಾರಿಸಿದ ನಾಡಬಂದೂಕಿನ ಗಾಯಗಳು. ಸಿಟಿ ಸ್ಕ್ಯಾನ್ ಮಾಡಿಸಿ, ಮಿದುಳಿನ ಊತ ಇಳಿಸುವ ಮ್ಯಾನಿಟಾಲ್ ಹಾಕಿ, ಕೂಡಲೇ ಬೆಂಗಳೂರಿಗೆ ಕಳುಹಿಸುವುದು ಇಲ್ಲಿನ ವಾಡಿಕೆಯಾಗಿತ್ತು. ಹಾಗೆ ಹೊರಟವರಲ್ಲಿ ಕೆಲವರು ನೆಲಮಂಗಲ ದಾಟುವ ಮೊದಲೇ ತೀರಿಕೊಂಡರು. ಅವರ ಕೇಸ್ ಶೀಟುಗಳನ್ನು ತೆಗೆದು ನೋಡಿದರೆ, ಹೊರಡುವಾಗ ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) 80ರ ಆಸುಪಾಸಿನಲ್ಲಿರುತ್ತಿತ್ತು. ಅದರ ಮೇಲೆ ಮ್ಯಾನಿಟಾಲ್ ಮೂತ್ರ ಹರಿಸಿ ಇನ್ನಷ್ಟು ಇಳಿಸಿರುತ್ತಿತ್ತು.

ಗುಂಡು ನಡುಗೆರೆ ದಾಟಿ ಎರಡೂ ಅರೆಗೋಳಗಳನ್ನು ಸೀಳಿದ್ದರೆ ಅಥವಾ ಮಿದುಳುಕಾಂಡಕ್ಕೆ ತಗುಲಿದ್ದರೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಆದರೆ ಬಿಪಿ, ಆಮ್ಲಜನಕ, ರಕ್ತ ಹೆಪ್ಪುಗಟ್ಟುವಿಕೆ ಮೂರೂ ನಮ್ಮ ಕೈಯಲ್ಲಿವೆ; ಅದಕ್ಕೇ ಈಗ ರಕ್ತ ಕೊಟ್ಟು ಬಿಪಿ ಏರಿಸಿದ ಮೇಲೆಯೇ ಕಳುಹಿಸುತ್ತೇನೆ. ಅಮೆರಿಕದ ಅರಿಜೋನಾದ ಟ್ರಾಮಾ ತಂಡವು ಇವನ್ನೇ ಬಿಗಿಯಾಗಿ ಹಿಡಿದು, 2008ರಲ್ಲಿ ಶೇ. 10ರಷ್ಟಿದ್ದ ಬದುಕುಳಿಯುವಿಕೆಯನ್ನು 2011ರ ಹೊತ್ತಿಗೆ ಶೇ. 46ಕ್ಕೆ ಏರಿಸಿತ್ತು.

"ಜಿಸಿಎಸ್ 5 ಇರುವವನಿಗೆ ರಕ್ತ ಏಕೆ ವ್ಯರ್ಥ ಮಾಡುತ್ತೀರಿ ಡಾಕ್ಟ್ರೇ?" ಎಂದು ಹಿರಿಯರೊಬ್ಬರು ಎಲ್ಲರೆದುರೇ ಕೇಳಿದ್ದರು. ಜಿಸಿಎಸ್ ಎಂದರೆ ಪ್ರಜ್ಞೆಯ ಮಟ್ಟಕ್ಕೆ 3ರಿಂದ 15ರವರೆಗೆ ಕೊಡುವ ಅಂಕ. ಬಿಪಿ ಬಿದ್ದಿರುವಾಗ ಎಣಿಸಿದ ಜಿಸಿಎಸ್ ಅನ್ನು ನಾನು ನಂಬುವುದಿಲ್ಲ. ಒತ್ತಡವನ್ನು 110ಕ್ಕೆ ತಂದ ಮೇಲೂ ಎರಡು ಪಾಪೆಗಳೂ ಅಗಲವಾಗಿ, ಬೆಳಕಿಗೆ ಸ್ಪಂದಿಸದೆ ನಿಂತಿದ್ದರೆ ಮನೆಯವರನ್ನು ಕರೆದು ಕೂರಿಸಿ ಮಾತನಾಡುತ್ತೇನೆ. ಒಂದಾದರೂ ಕುಗ್ಗಿದರೆ ಬಿಡುವುದಿಲ್ಲ.

ರಕ್ತ ಹೋಗುವುದು ಬಹಳ ಸಲ ನೆತ್ತಿಯ ಚರ್ಮದಿಂದಲೇ. ಮೇಲಿನ ಬ್ಯಾಂಡೇಜ್ ಒಣಗಿದಂತೆ ಕಾಣುತ್ತದೆ; ಕತ್ತಿನ ಕೆಳಗೆ ಕೈ ಹಾಕಿದರೆ ಗ್ಲೌಸ್ ತೊಯ್ದು ಬರುತ್ತದೆ, ಟ್ರಾಲಿಯ ರೆಕ್ಸಿನ್ ಮೇಲೆ ಗಡ್ಡೆಗಟ್ಟಿದ ರಕ್ತ ಕೂತಿರುತ್ತದೆ. ಸಿಟಿಗೆ ಒಯ್ಯುವ ಮೊದಲೇ ದಪ್ಪ ಸಿಲ್ಕ್ ದಾರದಿಂದ ಒಂದೇ ಓಟದ ಹೊಲಿಗೆ ಹಾಕುತ್ತೇನೆ.

2019ರ ಕ್ರ್ಯಾಶ್-3 ಅಧ್ಯಯನದಲ್ಲಿ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಲಾಭ ಕಂಡದ್ದು ಸೌಮ್ಯ ಮತ್ತು ಮಧ್ಯಮ ಗಾಯಗಳಲ್ಲಿ. 3 ಗಂಟೆಯೊಳಗೆ ಬಂದವರಿಗೆ ನಾನು ಆದರೂ 1 ಗ್ರಾಂ ಕೊಡುತ್ತೇನೆ. ಪಾವಗಡ ಸುಮಾರು 100 ಕಿ.ಮೀ. ದೂರವಿರುವುದರಿಂದ ಅಲ್ಲಿಯವರಿಗೆ ಆ ಅವಧಿ ಸಿಗುವುದೇ ಕಷ್ಟ.

ಆಂಬ್ಯುಲೆನ್ಸಿನಲ್ಲಿ ಗಾಬರಿಯಿಂದ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುವವರು ನಿಮಿಷಕ್ಕೆ 30 ಸಲವೂ ಒತ್ತಿಬಿಡುತ್ತಾರೆ. ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ಮೊಬೈಲಿನಲ್ಲಿ 5 ಸೆಕೆಂಡಿಗೊಂದು ಸದ್ದು ಬರುವಂತೆ ಇಟ್ಟು ನೋಡಿದೆವು. ಸೈರನ್ ನಡುವೆ ಕೇಳಿಸಲಿಲ್ಲ. ಈಗ ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್ ಇಲ್ಲದೆ ಹೊರಡಿಸುವುದಿಲ್ಲ.

ಖರ್ಚಿನ ಮಾತು. ನೆನಪಿನ ಪ್ರಕಾರ ರಕ್ತ, ಪ್ಲಾಸ್ಮಾ ಸೇರಿ ಎಂಟು ಹತ್ತು ಸಾವಿರ, ವೆಂಟಿಲೇಟರ್ ಆಂಬ್ಯುಲೆನ್ಸಿಗೆ ಸುಮಾರು ಅಷ್ಟೇ. ಮ್ಯಾನಿಟಾಲ್ ಬದಲು ಬಳಸುವ 3% ಸಲೈನ್ ತೀರಾ ಅಗ್ಗ. ದುಡ್ಡು ಬರುವವರೆಗೆ ರಕ್ತ ನಿಲ್ಲಿಸಬಾರದೆಂದು ಆಡಳಿತದವರನ್ನು ಒಪ್ಪಿಸಲು ತಿಂಗಳುಗಟ್ಟಲೆ ಹಿಡಿಯಿತು.

ಹೀಗೆ ಒಂದೂವರೆ ಗಂಟೆ ಇಲ್ಲೇ ನಿಲ್ಲಿಸಿಕೊಂಡು ಕಳುಹಿಸಿದ, ಜಿಸಿಎಸ್ 5 ಇದ್ದ ರೈತ ಈಗ ನಡೆದಾಡುತ್ತಾನೆ. ಬಲಗೈ ದುರ್ಬಲ, ಫಿಟ್ಸ್ ಮಾತ್ರೆ ಮುಂದುವರಿದಿದೆ. ಬೆಂಗಳೂರಿನ ನ್ಯೂರೋಸರ್ಜನ್ ಮೇಲಿನ ಮೂಳೆ ಚೂರುಗಳನ್ನಷ್ಟೇ ತೆಗೆದು, ಡ್ಯೂರಾವನ್ನು (ಮಿದುಳಿನ ಹೊರಪೊರೆ) ನೀರು ಸೋರದಂತೆ ಮುಚ್ಚಿ, ಆಳದ ಗುಂಡುಗಳನ್ನು ಅಲ್ಲೇ ಬಿಟ್ಟಿದ್ದಾರೆ. ನಾಡಬಂದೂಕಿಗೆ ಸೀಸದ ಜೊತೆ ಕಬ್ಬಿಣದ ಚೂರನ್ನೂ ತುಂಬುತ್ತಾರಾದ್ದರಿಂದ, ಎಂಆರ್‌ಐ ಮಾಡಬಾರದೆಂದು ಅವನ ಡಿಸ್ಚಾರ್ಜ್ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದೇನೆ.