ಅಟ್ಟದ ಕ್ಯಾಸೆಟ್ಟಿನಿಂದ ಭಾನುವಾರದ ಗೊಂಬೆಯಾಟ ಉಳಿಸಿಕೊಳ್ಳುವ ಬಗೆ

ಕುಮಟಾ, ಕಾರವಾರ, ಶಿರಸಿಯ ಹಳೆಯ ಮನೆಗಳ ಅಟ್ಟದಲ್ಲಿ, ದೂರದರ್ಶನದ ಮಕ್ಕಳ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟ ವಿಎಚ್‌ಎಸ್ ಕ್ಯಾಸೆಟ್ಟುಗಳು ಇನ್ನೂ ಇದ್ದಾವು. ಹೊನ್ನಾವರ ಮೂಲದ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಂಥವು ಬೇರೆ ಕಡೆಯೂ ಸಿಗುತ್ತವೆ. ಸ್ಟುಡಿಯೊದಲ್ಲಿ ಮಾಡಿದ ಗೊಂಬೆಯಾಟ, ಕಥೆ ಹೇಳುವ ಕಾರ್ಯಕ್ರಮಗಳು ಮತ್ತೆ ಸಿಗುವುದು ಕಷ್ಟ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವಾಗ ಅವಕ್ಕೇ ಮೊದಲ ಸರದಿ ಕೊಡಿ.

ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವಕ್ಕೆ ಟೇಪು, ಕ್ಯಾಸೆಟ್ ಓಡಿಸುವ ವಿಸಿಆರ್ ಯಂತ್ರದೊಳಗೆ ತಿರುಗುವ ಡ್ರಮ್ಮಿಗೆ ಅಂಟಿ ಸುತ್ತಿಕೊಳ್ಳುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ.

ಮೊದಲು ಕ್ಯಾಸೆಟ್ಟಿನ ಬೆನ್ನಿನ ಎಡಮೂಲೆಯ ಸಣ್ಣ ಪ್ಲಾಸ್ಟಿಕ್ ಚೂರು ಮುರಿಯಿರಿ, ಆಗ ಅದರ ಮೇಲೆ ಕೈತಪ್ಪಿ ರೆಕಾರ್ಡ್ ಆಗುವುದಿಲ್ಲ. ಆಮೇಲೆ ಕ್ಯಾಸೆಟ್ಟಿನ ಕಿಟಕಿಯೊಳಗೆ ಟಾರ್ಚ್ ಬಿಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯೋ ಎಳೆಯೋ ಕಂಡರೆ ಅದು ಬೂಷ್ಟು. ಹಾಗೇ ವಿಸಿಆರ್‌ಗೆ ತುರುಕಿದರೆ, ಡ್ರಮ್ಮಿನಲ್ಲಿ ಟೇಪು ಓದುವ ಹೆಡ್ಡಿಗೆ ಮೆತ್ತಿ, ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ 100 ಗ್ರಾಂ ತೇವ ಹೀರುವ ಸಿಲಿಕಾ ಜೆಲ್ ಜತೆ ಎರಡು ವಾರ ಇಡಿ. ಬಳಿಕ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಡಿಯ ಐದು ಸ್ಕ್ರೂ ಬಿಚ್ಚಿ, ಹೊರಗೆ ಜಗಲಿಯಲ್ಲಿ ಕೂತು ಅಂಚನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ. ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಬೇಡಿ, ಟೇಪು ಸೊಟ್ಟಾಗುತ್ತದೆ.

ಹೆಡ್ ಒರೆಸಲು ಹತ್ತಿಕಡ್ಡಿ ಬೇಡವೇ ಬೇಡ. ನಾರು ಸಿಕ್ಕಿ ಹೆಡ್ಡೇ ಮುರಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಮೆತ್ತನೆಯ ಚರ್ಮದ ತುಂಡನ್ನು ಅಲುಗಾಡಿಸದೆ ಹಿಡಿದು, ಡ್ರಮ್ಮನ್ನೇ ನಿಧಾನ ತಿರುಗಿಸಿ. ಮೇಲೆ-ಕೆಳಗೆ ಉಜ್ಜಬಾರದು. ಕಡಲಗಾಳಿಗೆ ಮಂಕಾದ, ವಿಸಿಆರ್‌ನ ತಂತಿಯ ಹಳದಿ, ಬಿಳಿ, ಕೆಂಪು ಪಿನ್ನುಗಳನ್ನು ನಾಲ್ಕೈದು ಸಲ ತಿರುಗಿಸಿ ಕೂರಿಸಿದರೆ ಚಿತ್ರದ ಮಿನುಗಾಟ ಎಷ್ಟೋ ಕಡಿಮೆಯಾಗುತ್ತದೆ.

ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ತರುವ ಯುಎಸ್‌ಬಿ ಕ್ಯಾಪ್ಚರ್ ಸಾಧನವನ್ನು ಪಾಲ್ (ನಮ್ಮ ಟಿವಿಯ ಹಳೆಯ ಚಿತ್ರ ಪದ್ಧತಿ), 720×576ಕ್ಕೆ ಇಟ್ಟು, ರೆಕಾರ್ಡ್ ಮಾಡುವ ತಂತ್ರಾಂಶ ಒಬಿಎಸ್‌ನಲ್ಲಿ 768×576 ಚೌಕಟ್ಟಿಗೆ ಹಿಗ್ಗಿಸಿ. ಇಲ್ಲವಾದರೆ ಮುಖಗಳು ಉದ್ದುದ್ದ ಕಾಣುತ್ತವೆ. ಗೆರೆ ಬಿಟ್ಟು ಗೆರೆಯಾಗಿ ಬರುವ ಚಿತ್ರವನ್ನು ಪೂರ್ತಿ ಫ್ರೇಮ್ ಮಾಡುವ ಡಿಇಂಟರ್‌ಲೇಸ್‌ಗೆ ‘ಯಾಡಿಫ್ 2ಎಕ್ಸ್’ ಆರಿಸಿ ಸೆಕೆಂಡಿಗೆ 50 ಫ್ರೇಮ್ ಕೊಡಿ. 25ಕ್ಕೆ ಇಳಿಸಿದರೆ ಗೊಂಬೆಯ ಕೈ ಕುಣಿಯುವ ಆ ಚುರುಕು ಹೋಗಿಬಿಡುತ್ತದೆ, ಅದನ್ನು ಕಳೆದುಕೊಳ್ಳಬಾರದು. ಬಿಟ್‌ರೇಟ್ (ಸೆಕೆಂಡಿಗೆ ಉಳಿಸುವ ದತ್ತಾಂಶ) 6,000 ಕೆಬಿಪಿಎಸ್ ಇಟ್ಟರೆ ಗಂಟೆಗೆ ಸುಮಾರು 2.7 ಜಿಬಿ. ಒಂದೊಂದೇ ಕಂತಾಗಿ ರೆಕಾರ್ಡ್ ಮಾಡಿ. ಇಡೀ ಮೂರು ಗಂಟೆ ಒಟ್ಟಿಗೆ ಓಡಿಸಿದರೆ, ಟೇಪು ಹಾಳಾದಲ್ಲೆಲ್ಲ ಚಿತ್ರ ತಪ್ಪಿ ಧ್ವನಿ ಹಿಂದೆ ಬೀಳುತ್ತದೆ.

ನಡುವಿನ ಜಾಹೀರಾತುಗಳನ್ನು ಕತ್ತರಿಸಬೇಡಿ. ಮೇಲೆ ಹೆಸರು, ತಾರೀಕು ಬರೆಯದ ಕ್ಯಾಸೆಟ್ಟು ಯಾವ ವರ್ಷದ್ದೆಂದು ಗುರುತಿಸಲು ಅವೇ ದಾರಿ.